ಗಾಲಿಗೆ ಕಲ್ಲಿರಲಿಲ್ಲ

“ಅಮೀನ ಸಾಹೇಬ್ರ, ಕಾಲು ಹಿಂದಕ್ಕ ತಗೀರಿ. ಎತ್ತಿದ ಗಾಡಿ ನಿಮ್ಮ ದರ್ಜಾ ನೋಡಂಗಿಲ್ಲ,” ಅಂದ ಉಸ್ಮಾನಸಾಬ, ಜಾಕಿನ ಹಿಡಿಕೆ ತಿರುವುತ್ತ.

ನಾನು ಕಾಲು ತೆಗೆದೆ. ಯಾದಗಿರಿ ಸ್ಟೇಶನ್ನಿನ ಹಿಂದೆ ಮೂವತ್ತು ವರ್ಷದಿಂದ ಮೋಟಾರು ಬಿಚ್ಚಿ ಕಟ್ಟುವ ಮುದುಕ ಅವನು. ಬೆಳಿಗ್ಗೆ ಚಹಾ ಕುಡಿಯಲೂ ಬಿಡದೆ ಅವನನ್ನು ವನದುರ್ಗಕ್ಕೆ ಎಳೆತಂದವನು ನಾನೇ. ಈಗ ಅವನ ಮಾತು ಕೇಳದಿದ್ದರೆ ತಂದು ಏನು ಉಪಯೋಗ. ಆದರೂ ಸಿಟ್ಟು ಬಂತು. ಆವತ್ತು ನನಗೆ ಎಲ್ಲರ ಮೇಲೂ ಸಿಟ್ಟಿತ್ತು, ನನ್ನ ಮೇಲೆ ಸ್ವಲ್ಪ ಹೆಚ್ಚು.

ಬುಧವಾರ ಮಧ್ಯಾಹ್ನ ಬಸವಂತ್ರಾಯಗೌಡನ ವಾಡೆಯ ಈ ಅಂಗಳದಲ್ಲಿ, ಈ ಮೋಟಾರಿನ ಕೆಳಗೆ, ಡ್ರೈವರ್ ಖಾಜಾಹುಸೇನ ಎದೆಗೂಡು ಪುಡಿಯಾಗಿ ಸತ್ತಿದ್ದ. ಕೈಗೆ ಪಾನಾ, ಇಕ್ಕಳ ಕೊಡಲು ಹತ್ತಿರ ಕೂತಿದ್ದವನು ಬಂಡಿ ಹೊಡೆಯುವ ಮಾನಪ್ಪ. ಅವನು ನನ್ನ ಠಾಣೆಗೆ ತಾನಾಗಿ ಬಂದು ‘ನಾನಾ ಕೊಂದೀನ್ರಿ’ ಅಂದ. ಬರೆದ ಕಾಗದಕ್ಕೆ ಹೆಬ್ಬೆಟ್ಟನ್ನೂ ಒತ್ತಿದ. ಗುರುವಾರ ಸಂಜೆ ಐದಕ್ಕೆ ಕಲಬುರ್ಗಿ ಜೈಲಿನ ಲಾರಿ ಬರುತ್ತದೆ, ಅವನನ್ನು ಹತ್ತಿಸಿ ಕಳಿಸು ಅಂತ ಮೇಲಿನವರ ಹುಕುಂ.

ಹತ್ತಿದರೆ ಮುಗಿಯಿತು. ಹೆಬ್ಬೆಟ್ಟು ಒತ್ತಿದ ಬಂಡಿಯವನ ಕೊರಳಿಂದ ಹಗ್ಗ ಬಿಡಿಸಲು ಯಾವ ವಕೀಲನೂ ಓಡಿಬರುವುದಿಲ್ಲ. ನಿಜಾಮರ ರಾಜ್ಯ ಹೋಗಿ ಹದಿನಾಲ್ಕು ತಿಂಗಳಾಗಿತ್ತು. ನಮ್ಮ ಟೋಪಿಯ ಬಿಲ್ಲೆ ಬದಲಾಗಿತ್ತು, ಟೋಪಿಯ ಕೆಳಗಿನ ತಲೆಗಳು ಅವೇ ಇದ್ದವು.

ಈಗ ಗುರುವಾರ ಎರಡೂವರೆ.

ಖಾಜಾಹುಸೇನ ಸಾಯಲು ಕಾರಣ ಹುಡುಕಿ ದೂರ ಹೋಗಬೇಕಿರಲಿಲ್ಲ. ಹೋದ ವರ್ಷ ಗಲಾಟೆಯ ದಿನಗಳಲ್ಲಿ ತಿಂಥಣಿಯ ಅಂಬಿಗನೊಬ್ಬನನ್ನು ಇದೇ ಮೋಟಾರಿನಲ್ಲಿ ಹತ್ತಿಸಿಕೊಂಡು ಹೋದರು. ಅವನು ಇಳಿದದ್ದನ್ನು ಯಾರೂ ನೋಡಿಲ್ಲ. ಒಳಗೆ ಯಾರ್ಯಾರು ಕೂತಿದ್ದರೆಂದು ಮೋಟಾರು ನಡೆಸಿದವನಿಗೆ ಗೊತ್ತಿತ್ತು. ಶುಕ್ರವಾರ ಶಹಾಪುರಕ್ಕೆ ಬಂದು ಹೇಳಿಕೆ ಕೊಡುತ್ತೇನೆ ಅಂತ ನನಗೆ ಮಾತು ಕೊಟ್ಟಿದ್ದ. ಆ ಸುದ್ದಿಯನ್ನು ಚಹಾದ ಅಂಗಡಿಯಲ್ಲಿ ನಾಲ್ಕು ಜನರ ಎದುರು ಬಾಯಿ ಬಿಟ್ಟ ಮೂರ್ಖ ಯಾರು ಅಂತ ಕೇಳಬೇಡಿ. ನಾನೇ.

ಉಸ್ಮಾನಸಾಬ ಕೆಲಸ ಶುರು ಮಾಡುವ ಮೊದಲೇ ಮುಂದಿನ ಎರಡೂ ಗಾಲಿಗೆ ಹಿಂದೆ ಮುಂದೆ ಕಲ್ಲು ಒತ್ತಿದ್ದ. ಅಂಗಳದ ಮಣ್ಣು ಭಾರಕ್ಕೆ ಕುಸಿಯುತ್ತದೆಂದು ಜಾಕಿನ ಬುಡಕ್ಕೆ ದಪ್ಪ ಹಲಗೆ ಹಾಕಿದ್ದ. ಹಿಂದಿನ ಎಡಗಡೆಯ ಗಾಲಿ ನಿನ್ನೆಯೇ ಬಿಚ್ಚಿದ್ದು. ಆ ಮಗ್ಗುಲನ್ನು ಎತ್ತಿ, ಅಚ್ಚಿನ ಕೆಳಗೆ ತಾನು ತಂದ ಜಾಲಿ ಮರದ ನಾಲ್ಕು ದಿಮ್ಮಿಗಳನ್ನು ಎರಡರ ಮೇಲೆ ಎರಡು ಅಡ್ಡಡ್ಡ ಪೇರಿಸಿ, ಜಾಕ್ ಇಳಿಸಿ, ಭಾರವನ್ನೆಲ್ಲ ದಿಮ್ಮಿಯ ಮೇಲೆ ಬಿಟ್ಟ. ಆಮೇಲೆ ಭುಜ ಕೊಟ್ಟು ಮೋಟಾರನ್ನು ಗಟ್ಟಿಯಾಗಿ ಅಲ್ಲಾಡಿಸಿದ. ಅದು ಅಲುಗಲಿಲ್ಲ.

“ಜಾಕ್ ಎತ್ತಾಕ ಅಷ್ಟ. ಹೊತ್ತು ನಿಂದ್ರಾಕ ಅಲ್ಲ. ಜಾಕ್ ನಂಬಿ ಕೆಳಗ ಹೋಗಾಂವ ನನ್ನ ಕೈಯಾಗ ಕಲ್ತಾಂವ ಅಲ್ಲ. ಖಾಜಾ ನನ್ನ ಕೈಯಾಗ ಕಲ್ತಾನ,” ಅಂದ.

ಆಮೇಲೆ ಗೋಡೆಯ ಕಡೆ ನೋಡಿದ. ಬಿಚ್ಚಿದ ಗಾಲಿ ಅಲ್ಲಿ ಒರಗಿ ನಿಂತಿತ್ತು.

“ಗಾಲಿ ಅಲ್ಲಿ ಯಾರು ಇಟ್ರು?”

“ಯಾರೂ ಮುಟ್ಟಿಲ್ಲ. ನಿನ್ನೆ ನಾನು ಬಂದಾಗಿಂದ ಅಲ್ಲೇ ಅದ.”

“ಸುಳ್ಳು,” ಅಂದ ಮುದುಕ. ನನಗೆ ಹೇಳಿದ್ದಲ್ಲ, ಗಾಲಿಗೆ ಹೇಳಿದ್ದು. “ಬಿಚ್ಚಿದ ಗಾಲಿ ಗಾಡಿ ಕೆಳಗ ಮಲಗಸಬೇಕ್ರಿ. ಎಲ್ಲಾ ಕೈಕೊಟ್ಟು ಗಾಡಿ ಬಿದ್ರೂ ಗಾಲಿ ಮ್ಯಾಲ ಬೀಳ್ತದ, ಮನಿಷ್ಯಾ ಉಳಿತಾನ. ಕಲಿಯೂವಾಗ ಒಮ್ಮಿ ಮರ್ತಿದ್ದ, ಕಪಾಳಕ್ಕ ಹೊಡದಿದ್ದೆ. ಆಮ್ಯಾಗ ಇಪ್ಪತ್ತು ವರ್ಷ ಮರ್ತಿಲ್ಲ.”

ಅವನು ಗಾಲಿಯನ್ನು ತಂದು ಮೋಟಾರಿನ ಕೆಳಗೆ ಮಲಗಿಸಿದ. ಅಡುಗೆಮನೆಯ ಹಿಂದಿನಿಂದ ಒಂದು ಖಾಲಿ ಗಡಿಗೆ ತರಿಸಿ, ಖಾಜಾಹುಸೇನನ ಎದೆ ಇದ್ದ ಜಾಗದಲ್ಲಿಟ್ಟ. ರಕ್ತದ ಕಲೆ ಇನ್ನೂ ಇತ್ತು, ಜಾಗ ಹುಡುಕಬೇಕಿರಲಿಲ್ಲ.

ಪೇದೆ ಬಾಲಪ್ಪ ಮಾನಪ್ಪನನ್ನು ಕರೆತಂದ. ನಿನ್ನೆಯಿಂದ ನೀರೂ ಮುಟ್ಟದ ಮನುಷ್ಯ. ಗಾಲಿಗೆ ಕೊಟ್ಟ ಕಲ್ಲು ತೆಗೆದೆ ಅಂತ ಕಾಗದದಲ್ಲಿ ಬರೆಸಿದ್ದ; ಅವು ಎಲ್ಲಿದ್ದವು, ಹೇಗೆ ತೆಗೆದ ಅಂತ ತೋರಿಸಬೇಕಿತ್ತು. ಅದಕ್ಕೆ ಅವನ ಕೈಬೇಡಿ ಬಿಚ್ಚಿಸಿದೆ. ಬಿಚ್ಚಿಸಿದವನು ನಾನು ಎಂಬುದು ನೆನಪಿರಲಿ.

“ನೀ ಏನ್ ತಗದಿ, ತೋರ್ಸು.”

“ಕಲ್ರಿ. ಮುಂದಿನ ಗಾಲಿಗಿ ಕೊಟ್ಟಿದ್ವು, ನಾಕ್ ಕಲ್ಲು.”

“ಖಾಜಾಹುಸೇನ ಕೆಳಗ ಇದ್ನೇನು?”

“ಇದ್ದರಿ. ಬ್ರೇಕಿನ ತಂತಿ ಹರಿದಿತ್ತಂತ, ಅದನ್ನ ಜೋಡಸ್ಲಿಕತ್ತಿದ್ದ.”

“ಮನಿಷ್ಯಾ ಕೆಳಗ ಇರೂವಾಗ ಕಲ್ಲು ಯಾಕ ತಗದಿ? ನಿನ್ನ ಬುದ್ಧಿ ಮೇಯಾಕ ಹೋಗಿತ್ತೇನು?”

ಮಾನಪ್ಪ ವಾಡೆಯ ಬಾಗಿಲ ಕಡೆ ನೋಡಿ ದನಿ ಇಳಿಸಿದ. “ಗೌಡ್ರು ಬಂದ್ರು. ‘ಬಂಡಿ ಅಚ್ಚಿಗಿ ಎಣ್ಣಿ ಹಾಕೂವಾಗ ಎಂದರ ಗಾಲಿಗಿ ಕಲ್ಲು ಕೊಟ್ಟೀಯೇನಲೇ, ತಗದು ಅಗಸಿ ಕಡಿ ಒಗಿ’ ಅಂದ್ರು. ಖರೇನ ಅದ ಅಲ್ರಿ. ಬಂಡಿಗಿ ನಾವು ಕಲ್ಲು ಕೊಡಂಗಿಲ್ಲ. ಒಂದು ಮಗ್ಗಲಾ ಎತ್ತಿ ಗೂಟಾ ಕೊಡ್ತೀವಿ, ಗಾಲಿ ಎಳಿತೀವಿ, ಎಣ್ಣಿ ಹಚ್ಚತೀವಿ. ಅದು ಎಲ್ಲಿಗೂ ಹೋಗಂಗಿಲ್ರಿ.”

ಹೋಗುವುದಿಲ್ಲ, ನಿಜ. ಎತ್ತು ಬಿಚ್ಚಿದ ಬಂಡಿಯ ನೊಗ ನೆಲಕ್ಕೆ ಊರಿರುತ್ತದೆ, ಮೂಗು ಮಣ್ಣಿಗೆ ಕೊಟ್ಟು ಅದು ತಾನೇ ನಿಲ್ಲುತ್ತದೆ. ಹುಟ್ಟಿದಾಗಿನಿಂದ ಬಂಡಿಯ ಜೊತೆಗಿದ್ದವನಿಗೆ ಗಾಲಿಗೆ ಕಲ್ಲು ಕೊಡುವುದು ಹುಚ್ಚಿನ ಹಾಗೆ ಕಾಣುತ್ತದೆ. ಮೋಟಾರಿಗೆ ನೊಗ ಇಲ್ಲ. ಬ್ರೇಕಿನ ತಂತಿ ಹರಿದ, ಒಂದು ಹಿಂದಿನ ಗಾಲಿ ಬಿಚ್ಚಿ ಎತ್ತಿದ ಮೋಟಾರು ಇಳಿಜಾರಿನಲ್ಲಿ ಬೆರಳು ತಾಗಿಸಿದರೂ ಹೊರಡುತ್ತದೆ. ಈ ಅಂಗಳ ಅಗಸಿಬಾಗಿಲ ಕಡೆಗೆ ಇಳಿಜಾರು. ಮಾನಪ್ಪನಿಗೆ ಅದು ಗೊತ್ತಿರಲಿಲ್ಲ. ಅವನಿಗೆ ಗೊತ್ತಿಲ್ಲವೆಂಬುದು ಯಾರಿಗೋ ಚೆನ್ನಾಗಿ ಗೊತ್ತಿತ್ತು.

“ಆಮ್ಯಾಗ?”

“ಬಾವಿಯಿಂದ ನೀರ್ ತಾ ಅಂದ್ರು. ತಗೊಂಡು ಬರೂದ್ರಾಗ ಬಿದ್ದಿತ್ರಿ. ಖಾಜಣ್ಣನ ಕಾಲು ಎರಡು ಸಲ ನೆಲಾ ಒದ್ದು ಸುಮ್ಮನಾದ್ವು. ನಾ ಕಲ್ಲು ತಗದೀನಿ, ಅಂವ ಸತ್ತಾನ. ಇನ್ನೇನ್ ಕೇಳ್ತೀರಿ ಸಾಹೇಬ್ರ, ನಾನಾ ಕೊಂದೀನಿ.”

“ಬಾಯಿ ಮುಚ್ಚು. ಹೋಗಿ ಆ ಕಲ್ಲು ತಗಿ, ನಿನ್ನೆ ತಗದಂಗ.”

ಅವನು ಬಗ್ಗಿದ. ನಾಲ್ಕೂ ಕಲ್ಲು ತೆಗೆದು ಅಗಸಿಯ ಹತ್ತಿರ ಇಟ್ಟ. ಉಸ್ಮಾನಸಾಬ ಎಲ್ಲರನ್ನೂ ದೂರ ಸರಿಸಿ, ಹಿಂದಿನಿಂದ ಮೋಟಾರನ್ನು ನೂಕಿದ. ಅದು ಒಂದು ಗೇಣು ಮುಂದೆ ಹೋಗಿ, ಅಚ್ಚು ದಿಮ್ಮಿಗಳಿಂದ ಜಾರಿ, ದಢಕ್ಕನೆ ಕುಸಿಯಿತು. ಮಾನಪ್ಪ ಕಣ್ಣು ಮುಚ್ಚಿಕೊಂಡು ಕುಕ್ಕರುಗಾಲಿನಲ್ಲಿ ಕೂತುಬಿಟ್ಟ.

ನಾನು ಬಗ್ಗಿ ನೋಡಿದೆ. ಮೋಟಾರು ಮಲಗಿಸಿದ ಗಾಲಿಯ ಮೇಲೆ ಕೂತಿತ್ತು. ಗಡಿಗೆಗೆ ಒಂದು ಬಿರುಕೂ ಬಿದ್ದಿರಲಿಲ್ಲ.

“ನೋಡಲೇ ಮಾನಪ್ಪ, ಕಣ್ಣು ತಗಿ,” ಅಂದೆ. “ನಿನ್ನ ತಪ್ಪಿಗಿ ಸಿಕ್ಕಿದ್ದು ಇಷ್ಟ. ಖಾಜಾಹುಸೇನ ಹೆದರಿ ಹೊರಗ ಬಂದು ನಿನಗ ಎರಡು ಬಾರಸ್ತಿದ್ದ. ದಿಮ್ಮಿನೂ ಗಾಲಿನೂ ತಗದಾಂವ ಬ್ಯಾರೇ ಅದಾನ.”

ಅವನಿಗೆ ಅರ್ಥವಾಯಿತೋ ಇಲ್ಲವೋ. ಗಡಿಗೆಯನ್ನೇ ನೋಡುತ್ತ ಕೂತ. ನನ್ನ ಕಣ್ಣು ಒದ್ದೆಯಾಯಿತು, ಅದಕ್ಕೂ ಸಿಟ್ಟು ಬಂತು.

“ಖಾಜಾನ ದಿಮ್ಮಿ ಎಲ್ಲಿ?” ಅಂತ ಕೇಳಿದ ಉಸ್ಮಾನಸಾಬ. “ಕೆಲಸಾ ಕಲ್ತು ಹೋಗೂವಾಗ ನಾನಾ ಕೊಟ್ಟಿದ್ದೆ, ನಾಕು. ಸೀಳಬಾರ್ದಂತ ಒಂದೊಂದ್ರ ತಲಿಗೂ ಕಬ್ಬಣದ ಪಟ್ಟಿ ಬಡದಿದ್ದೆ.”

ಅಂಗಳ, ಕೊಟ್ಟಿಗೆ, ಕಾಳಿನ ಹಗೇವು ಎಲ್ಲ ಜಾಲಾಡಿದೆವು. ಸಿಗಲಿಲ್ಲ. ಉಳಿದದ್ದು ಅಂಗಳದ ಮೂಲೆಯಲ್ಲಿ ಖಾಜಾಹುಸೇನ ಇದ್ದ ಒಂದು ಕೋಣೆ. ಬಾಗಿಲಿಗೆ ಪರದೆ ಎಳೆದಿತ್ತು. ಗಂಡ ಸತ್ತ ಹೆಂಗಸು ನಾಲ್ಕು ತಿಂಗಳು ಹತ್ತು ದಿನ ಪರಗಂಡಸರ ಎದುರು ಬರುವಂತಿಲ್ಲ. ನಾನು ಹೊರಗೇ ನಿಂತು ಮಾತಾಡಿಸಿದೆ.

“ತಂಗಿ ಮಮ್ತಾಜ, ನಾನು ಅಮೀನ ಸಂಗಣ್ಣ. ನಿನ್ನಿ ಮಧ್ಯಾಹ್ನ ಒಳಗ ಇದ್ದಿ. ಏನರ ಕೇಳಿಸ್ತೇನು?”

“ಇಲ್ರಿ.”

ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಬಂತು. ಇಪ್ಪತ್ತು ವರ್ಷ ಜನರ ಸುಳ್ಳು ಕೇಳಿದ ಕಿವಿ ನನ್ನದು. ಆದರೆ ಅವಳ ತಲೆಯ ಮೇಲಿನ ಸೂರು ಗೌಡನದು, ಅವಳ ಹಿಟ್ಟು ಗೌಡನದು. ಗದರಲು ಬಾಯಿ ಬರಲಿಲ್ಲ.

“ಖಾಜಾಹುಸೇನನ ಮೈ ತೊಳೆಯಾಕ ನೀರು ಎಲ್ಲಿ ಕಾಯಿಸಿದ್ರಿ?”

“ಹಿತ್ತಲದಾಗ. ಕಲ್ಲಿನ ಒಲಿ ಹೂಡಿದ್ರು. ಕಟ್ಟಿಗಿ ವಾಡೇದಿಂದ ಬಂತು, ಗೌಡ್ರು ಕಳಿಸಿದ್ರು. ಬೆಂಕಿ ನಾನಾ ಹಚ್ಚಿದೆ.”

ಹಿತ್ತಲಿನ ಒಲೆಯ ಬೂದಿ ಇನ್ನೂ ಬೆಚ್ಚಗಿತ್ತು. ಉಸ್ಮಾನಸಾಬ ಬರಿಗೈಯಲ್ಲಿ ಕೆದರಿದ. ಮೊದಲನೆಯ ಪಟ್ಟಿ ಸಿಕ್ಕಿತು, ಆಮೇಲೆ ಎರಡನೆಯದು. ನಾಲ್ಕೂ ಸಿಕ್ಕವು. ಜೊತೆಗೆ ಪೂರ್ತಿ ಸುಡದ ಜಾಲಿಯ ಒಂದು ತುಂಡು, ಅದರ ಮೇಲೆ ಅಚ್ಚು ಒತ್ತಿದ ಗುರುತು, ಗ್ರೀಸಿನ ಕರಿ.

ತನ್ನ ಜೀವ ಹೊತ್ತು ನಿಂತಿದ್ದ ಕಟ್ಟಿಗೆಯಲ್ಲೇ ಖಾಜಾಹುಸೇನನ ಹೆಣ ತೊಳೆಯುವ ನೀರು ಕಾದಿತ್ತು. ಒಲೆ ಉರಿಸಿದವಳು ಅವನ ಹೆಂಡತಿ. ಉಸ್ಮಾನಸಾಬ ಪಟ್ಟಿಗಳನ್ನು ಅಂಗಿಯ ತುದಿಯಲ್ಲಿ ಕಟ್ಟಿಕೊಂಡ.

“ಆಕಿಗಿ ಹೇಳಬ್ಯಾಡ್ರಿ,” ಅಂದ.

ನಾನು ಹೇಳಲಿಲ್ಲ. ಸಾಕ್ಷಿಗೆ ಬರಬೇಕಿದ್ದ ಪಂಚರಿಗೆ ತೋರಿಸಲೆಂದು ಎರಡನೆಯ ಸಲ ಮೋಟಾರು ಎತ್ತಲು ಹೇಳಿದೆ. ಈ ಸಲ ಕೊಂದವನ ರೀತಿ: ಗಾಲಿಗೆ ಕಲ್ಲಿಲ್ಲ, ದಿಮ್ಮಿ ಇಲ್ಲ, ಬಿಚ್ಚಿದ ಗಾಲಿ ಗೋಡೆಗೆ. ಬರೀ ಜಾಕು, ಕೆಳಗೆ ಗಡಿಗೆ. ಎತ್ತುವಷ್ಟು ಹೊತ್ತು ಮುಂದಿನ ಗಾಲಿಗೆ ಕಲ್ಲು ಕೊಟ್ಟು, ಎತ್ತಿದ ಮೇಲೆ ಬಾಲಪ್ಪ ಅವನ್ನು ಒಂದೊಂದಾಗಿ ಮೆಲ್ಲಗೆ ತೆಗೆದು ಅಗಸಿಗೆ ಒಯ್ದ. ಉಸ್ಮಾನಸಾಬನಿಗೆ ಇದಕ್ಕೆ ಮನಸ್ಸಿರಲಿಲ್ಲ. ಅವಸರ ಮಾಡಿದವನು ನಾನು.

ಅಷ್ಟರಲ್ಲಿ ಬಸವಂತ್ರಾಯ ಹೊರಗೆ ಬಂದ. ಊಟ ಮಾಡಿ ಎಲೆಯಡಿಕೆ ಹಾಕಿಕೊಂಡಿದ್ದ. ಸಾವಾದ ಮನೆಯ ಹತ್ತು ಹೆಜ್ಜೆಯಲ್ಲಿ ಇಷ್ಟು ಚೆನ್ನಾಗಿ ಉಂಡ ಮುಖ ನಾನು ನೋಡಿರಲಿಲ್ಲ.

“ಏನ್ ಅಮೀನರ, ನಮ್ಮ ಮೋಟಾರ್ ರಿಪೇರಿ ಸರಕಾರದ ಖರ್ಚಿನಾಗ ನಡದದೇನು?” ಅಂತ ಬಂದು ಹಿಂದಿನ ಮಡ್‌ಗಾರ್ಡಿನ ಮೇಲೆ ಅಂಗೈ ಇಟ್ಟು ನಿಂತ.

ಉಸ್ಮಾನಸಾಬ ಬಾಯಿ ತೆರೆದ. ನಾನು ಕಣ್ಣಲ್ಲೇ ತಡೆದೆ.

“ನಿನ್ನಿ ಮಾನಪ್ಪ ನೀರಿಗಿ ಹೋದಾಗ ನೀವು ಎಲ್ಲಿದ್ರಿ ಗೌಡ್ರ?”

“ಊಟಕ್ಕ. ಹೇಳೀನಲ್ಲ.”

“ಖಾಜಾಹುಸೇನ ಬರೀ ಜಾಕಿನ ಮ್ಯಾಲ ಗಾಡಿ ಬಿಟ್ಟು ಕೆಳಗ ಹೋಗಿದ್ದ ಅಂತನೂ ಹೇಳೀರಿ.”

“ಹೌದು. ಅಂವ ಮೊದಲಿಂದ ಬೇಪರವಾ ಮನಿಷ್ಯಾ.”

“ಅರ್ಧ ತಾಸು ಹಂಗ ಇದ್ದ, ಏನೂ ಆಗಿದ್ದಿಲ್ಲ ಅಂತೀರಿ.”

“ಆಗಿದ್ದಿಲ್ಲ. ಈ ಹುಚ್ಚ ಕಲ್ಲು ತಗಿಯೋ ತನಕ.”

ನೆತ್ತಿಗೇರಿತು ನನಗೆ. ಬೂದಿಯಲ್ಲಿ ಸಿಕ್ಕ ತುಂಡನ್ನು ಅವನ ಕಾಲಬುಡಕ್ಕೆ ಒಗೆದೆ. “ಹಂಗಾರ ಈ ದಿಮ್ಮಿ ಯಾವ ಗಾಡಿ ಹೊತ್ತಿತ್ತು? ಗ್ರೀಸ್ ನಿಮ್ಮ ಒಲಿಯಾಗ ಹತ್ತಿತೇನು? ಹೆಣಾ ತೊಳೆಯಾಕ ಕಟ್ಟಿಗಿ ಕಳಿಸಿದ ಪುಣ್ಯಾತ್ಮರು ನೀವ ಅಲ್ಲೇನು?”

ಅವನು ತುಂಡನ್ನು ನೋಡಿದ. ಎಲೆಯಡಿಕೆ ಜಗಿಯುವುದು ಒಂದು ಗಳಿಗೆ ನಿಂತಿತು, ಮತ್ತೆ ಶುರುವಾಯಿತು.

“ಕಟ್ಟಿಗಿ ಕಳಿಸಿದ್ದು ಖರೆ. ಹೊತ್ತು ತಂದು ಒಲಿಗಿ ಹಾಕ್ದಾಕಿ ಯಾರಂತ ಕೇಳಿದ್ರೇನು?”

ನಾನು ಕೇಳಿರಲಿಲ್ಲ.

“ಮಲಕವ್ವ. ಈ ಮಾನಪ್ಪನ ಹೆಂಡ್ತಿ. ನಮ್ಮ ಮನ್ಯಾಗ ಕಸಮುಸುರಿ ಮಾಡ್ತಾಳ. ಗಂಡ ದಿಮ್ಮಿ ತಗದಾನ, ಹೆಂಡ್ತಿ ಸುಟ್ಟಾಳ. ಒಳ್ಳೇ ಪುರಾವೆ ಹುಡುಕೀರಿ ಅಮೀನರ, ನನಗ ಇದು ಹೊಳೆದಿದ್ದಿಲ್ಲ. ಲಾರಿ ದೊಡ್ಡದದ, ಇಬ್ಬರೂ ಹಿಡಿತಾರ.”

ನಾನು ಬೆಳಗಿಂದ ಕಷ್ಟಪಟ್ಟು ಹೆಣೆದ ಹಗ್ಗವನ್ನು ಅವನು ಎರಡು ಮಾತಿನಲ್ಲಿ ಆ ಹೆಂಗಸಿನ ಕೊರಳಿಗೂ ಹಾಕಿದ್ದ. ಆಗ ನಾನು ಆಡಬಾರದ ಮಾತು ಆಡಿದೆ.

“ಬರೀ ಜಾಕಿನ ಮ್ಯಾಲ ಅರ್ಧ ತಾಸು ನಿಂದ್ರತದ ಅಂದ್ರಲ್ಲ, ಈಗ ಹಂಗ ನಿಂತದ. ಕಲ್ಲು ಕೊಡಸ್ತೀನಿ, ಬರ್ರಿ, ಎರಡು ನಿಮಿಷ ಕೆಳಗ ಮಕ್ಕೊಳ್ರಿ. ನಿಮ್ಮ ಮಾತು ನಂಬ್ತೀನಿ.”

“ನಾ ಯಾಕ ಮಕ್ಕೊಳ್ಲಿ. ಕೊಂದಾಂವ ಮಕ್ಕೊಳ್ಲಿ,” ಅಂದ ಬಸವಂತ್ರಾಯ.

ನಾನು ಅವನ ಮುಖ ನೋಡುತ್ತಿದ್ದೆ. ಉಸ್ಮಾನಸಾಬನೂ ಅವನನ್ನೇ ನೋಡುತ್ತಿದ್ದ. ಮಾನಪ್ಪನನ್ನು ಯಾರೂ ನೋಡುತ್ತಿರಲಿಲ್ಲ. ಗಡಿಗೆ ಉರುಳುವ ಸದ್ದು ಕೇಳಿ ತಿರುಗಿದೆ. ಮೋಟಾರಿನ ಕೆಳಗಿಂದ ಅದು ತಾನಾಗಿ ಹೊರಗೆ ಉರುಳಿ ಬಂತು. ಆ ಜಾಗದಲ್ಲಿ ಅಂಗಾತ ಮಲಗಿದ್ದವನು ಮಾನಪ್ಪ.

ನಾನು ನಿಂತಲ್ಲೇ ಬಗ್ಗಿದೆ.

“ಮಾನಪ್ಪ, ಹೊರಗ ಬಾ.”

“ಬ್ಯಾಡ್ರಿ ಸಾಹೇಬ್ರ. ಖಾಜಣ್ಣ ಮಕ್ಕೊಂಡಲ್ಲೇ ಮಕ್ಕೊಂಡೀನಿ. ನಾ ಸತ್ರ ನಿಮ್ಮ ಕೇಸ್ ಮುಗಿತದ. ಮಲಕವ್ವನ್ನ ಬಿಡ್ರಿ. ಆಕಿಗಿ ಏನೂ ಗೊತ್ತಿಲ್ಲ, ಕಟ್ಟಿಗಿ ಅಂದ್ರು, ತಂದಾಳ.”

“ಯಾರೂ ಗಾಡಿ ಮುಟ್ಟಬ್ಯಾಡ್ರಿ,” ಅಂದ ಉಸ್ಮಾನಸಾಬ. “ಗೌಡ್ರ, ಕೈ ತಗೀರಿ. ಮೆಲ್ಲಕ ತಗೀರಿ.”

ಬಸವಂತ್ರಾಯ ಕೈ ತೆಗೆಯಲಿಲ್ಲ. ತನ್ನ ಅಂಗೈಯನ್ನೇ ಒಮ್ಮೆ ನೋಡಿಕೊಂಡ, ಅದರ ಕೆಳಗೆ ಏನಿದೆಯೆಂದು ಈಗ ತಿಳಿದವನ ಹಾಗೆ.

ಪರದೆ ಸರಿಯಿತು. ಮಮ್ತಾಜ ಅಂಗಳಕ್ಕೆ ಬಂದಳು. ತಲೆಯ ಮೇಲಿನ ಸೆರಗು ಬಿದ್ದಿತ್ತು, ಎಳೆದುಕೊಳ್ಳುವ ಎಚ್ಚರ ಅವಳಿಗಿರಲಿಲ್ಲ. ಇಷ್ಟು ಜನ ಪರಗಂಡಸರ ನಡುವೆ ನೇರ ನಡೆದು ಗೌಡನ ಎದುರು ನಿಂತಳು.

“ಸರ್ಕಾರ, ಕೈ ತಗೀರಿ. ನಿನ್ನಿ ಅವರೂ ಕೆಳಗಿಂದ ಹಿಂಗ ಬೇಡಿಕೊಂಡ್ರು. ‘ಸರ್ಕಾರ, ಜಾಕ್ ಎತ್ತೀರಿ ಸಾಕು, ದಿಮ್ಮಿ ತಗೀಬ್ಯಾಡ್ರಿ’ ಅಂದ್ರು. ಮೂರು ಸಲ ಅಂದ್ರು. ನಾ ರೊಟ್ಟಿ ಬಡಿಯೂದು ಬಿಟ್ಟು ಕೇಳೀನಿ. ನಾಕನೇ ಸಲ ದನಿ ಬರ್ಲಿಲ್ಲ.”

ನಿನ್ನೆಯಿಂದ ನಾನು ಹುಡುಕುತ್ತಿದ್ದ ಸಾಕ್ಷಿ ಅದು. ಆ ನಾಲ್ಕು ಮಾತಿನಲ್ಲಿ ಮಾನಪ್ಪ ಹಗ್ಗದಿಂದ ಬಿಡುಗಡೆಯಾಗಿದ್ದ. ಮೋಟಾರಿನ ಕೆಳಗಿನಿಂದ ಬಿಡುಗಡೆಯಾಗಿರಲಿಲ್ಲ.

“ಯಾರ್ರಿ ಬಂದಾಕಿ? ಏನ್ ಅಂದಳ್ರಿ?” ಅಂತ ಕೆಳಗಿಂದ ಕೇಳಿದ. ಅವನಿಗೆ ಸರಿಯಾಗಿ ಕೇಳಿಸಿರಲಿಲ್ಲ.

ಉಸ್ಮಾನಸಾಬ ಗೋಡೆಯ ಹತ್ತಿರದ ಗಾಲಿಯ ಕಡೆ ಒಂದು ಹೆಜ್ಜೆ ಇಟ್ಟ. ಅಗಸಿಯಲ್ಲಿ ಬಾಲಪ್ಪ ಕಲ್ಲಿಗೆ ಬಗ್ಗಿದ.

“ನಿಂದರ್ರಿ,” ಅಂದ ಬಸವಂತ್ರಾಯ, ಅಡುಗೆಯವಳಿಗೆ ಇನ್ನೆರಡು ರೊಟ್ಟಿ ತಾ ಅನ್ನುವ ದನಿಯಲ್ಲಿ. “ಗಾಲಿ ಅಲ್ಲೇ ಇರ್ಲಿ, ಕಲ್ಲೂ ಅಲ್ಲೇ ಇರ್ಲಿ. ಅಮೀನರ, ಆಕಿ ಒಳಗ ಹೋಗ್ಲಿ. ಆಕಿ ಏನೂ ಅಂದಿಲ್ಲ, ನೀವು ಏನೂ ಕೇಳಿಲ್ಲ. ಅಷ್ಟಾದ್ರ ಇಂವ ಹೊರಗ ಬರ್ತಾನ, ಐದಕ್ಕ ಲಾರಿ ಹತ್ತತಾನ. ಇಲ್ಲಾಂದ್ರ ಈಗ ಹೇಳ್ರಿ, ನನ್ನ ಕೈ ನೋಯ್ಲಿಕತ್ತದ.”

ನಾನು ರಿವಾಲ್ವರ್ ತೆಗೆದೆ. ಅವನ ಎದೆಗೆ ಗುರಿ ಇಟ್ಟೆ. ಆರು ಹೆಜ್ಜೆ ದೂರ, ತಪ್ಪುವ ಮಾತೇ ಇಲ್ಲ. ಆಗ ಹೊಳೆಯಿತು, ಗುಂಡು ತಗಲಿದರೆ ಅವನು ಬೀಳುವುದು ಮೋಟಾರಿನ ಮೇಲೆಯೇ. ಅವನಿಗೆ ಅದು ನನಗಿಂತ ಮೊದಲೇ ಹೊಳೆದಿತ್ತು. ನಕ್ಕ.

“ಸಾಹೇಬ್ರ,” ಅಂದ ಮಾನಪ್ಪ ಕೆಳಗಿಂದ. ಹೆದರಿಕೆಯಿಲ್ಲದ ದನಿ, ದಣಿದು ಮಲಗಲು ಹೊರಟವನ ದನಿ. “ಮಲಕವ್ವನ್ನ ಬಿಟ್ಟೆ ಅಂತ ಒಂದ್ ಮಾತು ಅನ್ರಿ. ಅಂದ್ರ ಸಾಕು. ಉಳಿದಿದ್ದು ನಾ ನೋಡ್ಕೋತೀನಿ.”

ಗೌಡನ ನಗು ನಿಂತಿತು. ಅವನು ಬಗ್ಗಿ ನೋಡಿದ್ದನ್ನು ನಾನೂ ನೋಡಿದೆ. ಮಾನಪ್ಪ ಮೊಣಕಾಲು ಮಡಚಿದ್ದ. ಅವನ ಹಿಮ್ಮಡಿ ಜಾಕಿನ ಬುಡಕ್ಕೆ ತಾಗಿತ್ತು. ಅವನು ಒಮ್ಮೆ ಒದ್ದರೆ ಗೌಡನ ಕೈಯಲ್ಲಿ ಒತ್ತೆ ಉಳಿಯುವುದಿಲ್ಲ, ನನ್ನ ಗುಂಡಿಗೆ ಅಡ್ಡಿಯೂ ಉಳಿಯುವುದಿಲ್ಲ.